ನಲವತ್ತು ಗಂಟೆಯ ಸೇವೆ

ಶಾಲೆಯಲ್ಲಿ ಅವಳನ್ನು ಎಲ್ಲರೂ ಬೆಲ್ಲು ಎನ್ನುತ್ತಿದ್ದರು. ಬೆಲ್ಲಕ್ಕೂ ಅವಳಿಗೂ ಸಂಬಂಧವಿಲ್ಲ. ಬೆಲ್ ಹೊಡೆಯಿತೋ ಇಲ್ಲವೋ ಹುಡುಗಿ ಗೇಟಿನಾಚೆ ಇರುತ್ತಿದ್ದಳು, ಅಷ್ಟೇ. ಮಧ್ಯಾಹ್ನದ ಬಿಡುವಿನಲ್ಲಿ ಉಳಿದವರು ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಇವಳು ಎರಡು ಬೀದಿ ದಾಟಿ, ಮೂರು ಮಹಡಿ ಹತ್ತಿ, ಅಜ್ಜಿಯ ಮಂಚದ ಪಕ್ಕ ಏದುಸಿರು ಬಿಡುತ್ತಿದ್ದಳು. ಅಜ್ಜಿಯ ಸೊಂಟದ ಕೆಳಗೆ ಒಂದು ಕೈ, ಭುಜದ ಕೆಳಗೆ ಇನ್ನೊಂದು. "ಒಂದು, ಎರಡು, ಹೂಂ." ಅಂಗಾತ ಇದ್ದ ಅಜ್ಜಿ ಎಡಕ್ಕೆ ಹೊರಳುತ್ತಿದ್ದಳು. ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಇನ್ನೊಂದು. ಆಮೇಲೆ ಮತ್ತೆ ಶಾಲೆಗೆ ಓಟ.

ಲಕ್ವ ಹೊಡೆದು ಅಜ್ಜಿಯ ಎಡಭಾಗ ಬಿದ್ದುಹೋದಾಗ ಬೆಲ್ಲುವಿಗೆ ಹದಿಮೂರು ವರ್ಷ. ಇಂಥವರನ್ನು ಎರಡು ಗಂಟೆಗೊಮ್ಮೆ ತಿರುಗಿಸಿ ಮಲಗಿಸದಿದ್ದರೆ ಮೈ ಒತ್ತಿ ಹುಣ್ಣಾಗುತ್ತದೆ ಎಂದು ಆಸ್ಪತ್ರೆಯ ನರ್ಸು ಒಂದೇ ಸಲ ಹೇಳಿದ್ದಳು. ಉಳಿದ ಮಕ್ಕಳು ಮಗ್ಗಿ ಮರೆಯುವ ವಯಸ್ಸಿನಲ್ಲಿ ಬೆಲ್ಲು ಮಗ್ಗುಲು ಕಲಿತಳು. ಅಪ್ಪ ಎಂಬಾತ ಅದಕ್ಕೂ ಮೊದಲೇ ಜಾಗ ಖಾಲಿ ಮಾಡಿದ್ದ. ಅಮ್ಮ ಬಾಟಲಿ ಕಾರ್ಖಾನೆಯಲ್ಲಿ ಮುಚ್ಚಳ ಬಿಗಿಯುವ ಸಾಲಿನಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ನಿಂತು ಬರುವವಳು. ಹೀಗಾಗಿ ಬೆಳಗಿನ ಸರದಿ ಕೆಳಮನೆಯ ದರ್ಜಿ ಅಕ್ಕನದು, ಮಧ್ಯಾಹ್ನ ಮತ್ತು ಸಂಜೆ ಬೆಲ್ಲುವಿನದು, ಕತ್ತಲಾದ ಮೇಲೆ ಅಮ್ಮನದು.

ಮಂಚದ ತಲೆಗಂಬಿಗೆ ಒಂದು ಸ್ಲೇಟು ಕಟ್ಟಿತ್ತು. ತಿರುಗಿಸಿದವರು ಅದರಲ್ಲಿ ಗಂಟೆ ಬರೆದು ಪಕ್ಕದಲ್ಲಿ ಗೀಟು ಎಳೆಯಬೇಕು. ಇದು ಅಜ್ಜಿಯದೇ ಕಾನೂನು. ದಾರದ ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಹಾಜರಿ ಬರೆದ ಹೆಂಗಸು ಅವಳು. ಎರಡು ನಿಮಿಷ ತಡವಾಗಿ ಬಂದ ಸ್ವಂತ ಗಂಡನಿಗೇ ಗೈರು ಹಾಕಿ, "ಗಂಡ ಮನೇಲಿ. ಗೇಟಲ್ಲಿ ನೀವು ನಂಬರ್ ಮುನ್ನೂರ ಹನ್ನೆರಡು" ಅಂದಿದ್ದವಳು. ಆ ದಿನ ತಾತ ಮನೆಗೆ ಬಂದು ಊಟಕ್ಕೂ ಗೈರಾದನಂತೆ.

ಶಾಲೆಯ ಕೊನೆಯ ವರ್ಷದಲ್ಲಿ ಒಂದು ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿ ಬಂತು. ಸಿಕ್ಕಿದರೆ ಕಾಲೇಜು, ಇಲ್ಲದಿದ್ದರೆ ಅಮ್ಮನ ಪಕ್ಕದಲ್ಲಿ ಮುಚ್ಚಳ ಬಿಗಿಯುವುದು. ನಡುವೆ ಮೂರನೆಯ ದಾರಿ ಇರಲಿಲ್ಲ. ಅರ್ಜಿಯ ನಾಲ್ಕನೆಯ ಪುಟದ ನೆತ್ತಿಯ ಮೇಲೆ "ಪಠ್ಯೇತರ ಚಟುವಟಿಕೆಗಳು, ಸಂಸ್ಥೆಯ ಮೊಹರಿನೊಂದಿಗೆ" ಎಂದಿತ್ತು. ಚಟುವಟಿಕೆ ಹಾಗಿರಲಿ, ಒಂದು ಚಟ ಹಚ್ಚಿಕೊಳ್ಳುವಷ್ಟೂ ಪುರುಸೊತ್ತು ಬೆಲ್ಲುವಿಗೆ ಇರಲಿಲ್ಲ.

"ಏನೇ ಇದು, ಅಂಕದ ಪುಟ ತುಂಬಿ ತುಳುಕ್ತಿದೆ, ಈ ಪುಟ ಬೋಳು ಬೋಳು!" ಎಂದರು ಅರ್ಜಿ ನೋಡಿಕೊಳ್ಳುವ ಟೀಚರ್. "ಸಂಜೆ ಏನ್ಮಾಡ್ತೀಯ?"

"ಮನೆಗೆ ಹೋಗ್ತೀನಿ ಟೀಚರ್."

"ಹೋಗಿ?"

"ಅಜ್ಜೀನ ತಿರುಗಿಸಿ ಮಲಗಿಸ್ತೀನಿ."

"ಅದಕ್ಕೆ ಮೊಹರು ಒತ್ತೋರು ಯಾರು? ನಿಮ್ಮಜ್ಜಿನಾ?" ಟೀಚರ್ ಕೆಟ್ಟವರೇನಲ್ಲ. ಅಂದ ಮೇಲೆ ಅವರಿಗೇ ಕಸಿವಿಸಿಯಾಗಿ ಕನ್ನಡಕ ಒರೆಸಿಕೊಂಡರು. "ಏಳು ವಾರ ಇದೆ. ಎಲ್ಲಾದ್ರೂ ನುಗ್ಗು."

ಬೆಲ್ಲು ನುಗ್ಗಿದಳು. ನಾಟಕದ ಮೇಷ್ಟ್ರು, "ಪಾತ್ರ ಎಲ್ಲ ಹಂಚಿಯಾಯ್ತು, ಪರದೆ ಎಳೆಯೋಕೆ ಬೇಕಾದ್ರೆ ಬಾ. ಆದ್ರೆ ಪರದೆ ಎಳೆದೋರ ಹೆಸರು ಪರದೆ ಹಿಂದೇನೇ ಉಳಿಯುತ್ತೆ" ಅಂದರು. ಚರ್ಚಾಕೂಟದವರು ಮಾತಾಡಿಸಿ ನೋಡಿದರು. ಎರಡೇ ವಾಕ್ಯಕ್ಕೆ ಅವಳ ಮಾತು ಮುಗಿಯಿತು. ಆಟದ ಮೇಷ್ಟ್ರು ಮಾತ್ರ ಅವಳ ಓಟಕ್ಕೆ ಗಡಿಯಾರ ಹಿಡಿದು ಮುಳ್ಳನ್ನು ಎರಡೆರಡು ಸಲ ನೋಡಿದರು.

"ನಾಲ್ಕು ವರ್ಷ ಎಲ್ಲಿ ಹಾಳಾಗಿ ಹೋಗಿದ್ಯೇ?"

"ಇಲ್ಲೇ ಇದ್ದೆ ಸರ್. ಬಿಡುವಿನಲ್ಲಿ ನಿಮ್ಮೆದುರೇ ಓಡ್ತಿದ್ದೆನಲ್ಲ."

ತಂಡದ ಆಯ್ಕೆ ಮುಗಿದು ತಿಂಗಳಾಗಿತ್ತು. ಹೀಗೆ ಎರಡು ವಾರ ಹೋದವು.

ಕೊನೆಗೆ ಬಾಗಿಲು ತೆರೆದದ್ದು ಊರಾಚೆಯ ವೃದ್ಧಾಶ್ರಮ. ಸಂಜೆ ಎರಡು ಗಂಟೆ ಹೊತ್ತು, ವಾರಕ್ಕೆ ನಾಲ್ಕು ದಿನ, ಐದು ವಾರ, ಒಟ್ಟು ನಲವತ್ತು ಗಂಟೆಯ ಸೇವೆ. ಒಂದು ಗಂಟೆ ಕಡಿಮೆಯಾದರೂ ಪ್ರಮಾಣಪತ್ರವಿಲ್ಲ. ಶಾಲೆಯಿಂದ ನೇರ ಬಸ್ಸು ಹಿಡಿದು ಹೋದರೆ ಮನೆಗೆ ವಾಪಸಾಗುವಾಗ ಏಳೂವರೆ. ನಾಲ್ಕರ ಸರದಿಯನ್ನೂ ಆರರ ಸರದಿಯನ್ನೂ ಯಾರು ಮಾಡುವುದು?

"ನಾನು ಮಾಡ್ತೀನಿ ಬಿಡೇ. ಅಜ್ಜಿ ಏನು ಆನೆ ತೂಕಾನಾ?" ಎಂದಳು ದರ್ಜಿ ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಬೆಲ್ಲುವಿಗೆ ಅಳುಕು. "ಬೇಡ ಅಜ್ಜಿ, ಬೇರೆ ಏನಾದ್ರೂ ನೋಡ್ತೀನಿ."

"ಹೋಗೇ ಸುಮ್ನೆ. ನಾನೇನು ಗಡಿಯಾರದ ಮುಳ್ಳಾ, ತಿರುಗದಿದ್ರೆ ಲೋಕ ನಿಂತುಹೋಗೋಕೆ?" ಲಕ್ವದಿಂದ ಅಜ್ಜಿಯ ಬಾಯಿ ವಾರೆಯಾಗಿತ್ತು, ಮಾತು ಆಗಿರಲಿಲ್ಲ. "ನನ್ನ ಮಗಳು ಮುಚ್ಚಳ ಬಿಗಿದು ಬಿಗಿದು ಬೆರಳು ಸೊಟ್ಟ ಮಾಡ್ಕೊಂಡಿದ್ದು ಸಾಕು. ನಿನ್ನ ಬೆರಳಾದ್ರೂ ನೆಟ್ಟಗಿರ್ಲಿ."

ವೃದ್ಧಾಶ್ರಮದಲ್ಲಿ ಸೇವೆಗೆ ಬರುವ ಹುಡುಗರು ಪತ್ರಿಕೆ ಓದಿ ಹೇಳುತ್ತಿದ್ದರು, ಹಾಡುತ್ತಿದ್ದರು, ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬೆಲ್ಲುವಿಗೆ ಬರುತ್ತಿದ್ದುದು ಒಂದೇ ವಿದ್ಯೆ. ಮೊದಲ ದಿನ ಆಯಾ ಒಬ್ಬಳೇ ಒಬ್ಬ ಮುದುಕನನ್ನು ಎಳೆದಾಡುತ್ತಿದ್ದುದನ್ನು ನೋಡಲಾರದೆ ಇವಳು ಕೈಹಾಕಿದಳು. ಒಂದು, ಎರಡು, ಹೂಂ. ಮುದುಕ ಹೊರಳಿದ್ದೇ ಅವನಿಗೆ ಗೊತ್ತಾಗಲಿಲ್ಲ. ಆವತ್ತಿನಿಂದ ಆ ಸಾಲಿನ ಆರೂ ಮಂಚ ಅವಳ ಪಾಲಿಗೆ ಬಂದವು.

"ಎಲ್ಲಿ ಕಲಿತ್ಯಮ್ಮಾ? ಕೈ ಹತ್ತಿ ಥರ ಇದೆ" ಅಂದ ಆ ಮುದುಕ, ನಿವೃತ್ತ ರೈಲು ಗಾರ್ಡು.

"ಮನೇಲಿ."

"ಮನೇಲಿ ಯಾರಾದ್ರೂ ಹೀಗೆ ಬಿದ್ದಿದಾರಾ?"

"ಹೂಂ. ಅವರನ್ನ ಕೆಳಮನೆಯೋರು ನೋಡ್ಕೊಳ್ತಿದಾರೆ."

ಗಾರ್ಡು ಅವಳ ಮುಖವನ್ನು ನೋಡಿದ. ಮನೆಯಲ್ಲಿ ಮಾಡಿದರೆ ಕೆಲಸ, ಬಸ್ಸು ಹತ್ತಿ ಹೋಗಿ ಮಾಡಿದರೆ ಸೇವೆ. ಈ ಲೆಕ್ಕ ಬರೆದವರು ಯಾರೋ, ಅವರಂತೂ ಯಾರನ್ನೂ ತಿರುಗಿಸಿ ಮಲಗಿಸಿದವರಲ್ಲ.

ದಿನಾ ಏಳೂವರೆಗೆ ಬಂದು ಬೆಲ್ಲು ಮೊದಲು ನೋಡುತ್ತಿದ್ದುದು ಸ್ಲೇಟನ್ನು. ನಾಲ್ಕು, ಪಕ್ಕದಲ್ಲಿ ಗೀಟು. ಆರು, ಪಕ್ಕದಲ್ಲಿ ಗೀಟು. ಅಮ್ಮನೂ ಬಂದು ನೋಡುತ್ತಿದ್ದಳು, ಮಲಗುವ ಮುಂಚೆ ಒರೆಸಿಡುತ್ತಿದ್ದಳು. ಮೂರನೆಯ ಭಾನುವಾರ ಅಮ್ಮ ಮೈ ತೊಳೆಸುವಾಗ ಎಡ ಸೊಂಟದ ಎಲುಬಿನ ಮೇಲೆ ಕೆಂಪಗೆ ಕಂಡಿತು.

"ಸೆಕೆ ಕಣೆ, ಬೆವರುಸಾಲೆ. ಪೌಡರ್ ಹಾಕು" ಎಂದಳು ಅಜ್ಜಿ.

"ನೋವಿದ್ಯಾ?"

"ಸತ್ತ ಕಡೆ ಎಂಥಾ ನೋವೇ?"

ಅಮ್ಮ ಪೌಡರ್ ಹಾಕಿದಳು. ಮರುವಾರದ ಹೊತ್ತಿಗೆ ಕೆಂಪು ಕಪ್ಪಾಯಿತು. ಕೋಣೆಯಲ್ಲಿ ಒಂದು ವಾಸನೆ ಸೇರಿಕೊಂಡಿತು. ಮೋರಿ ಕಟ್ಟಿದೆ ಎಂದು ಅಮ್ಮ ಎರಡು ದಿನ ಬಚ್ಚಲು ತಿಕ್ಕಿದಳು. ಮೂರನೆಯ ದಿನ ಹಾಸಿಗೆಯ ಬಟ್ಟೆ ಒದ್ದೆಯಾಗಿ ಅಂಟಿತ್ತು.

ಆಸ್ಪತ್ರೆಗೆ ಒಯ್ಯಲು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಮಹಡಿ ಇಳಿಸುವಾಗ ದರ್ಜಿ ಅಕ್ಕ ಹೊಲಿಗೆ ಬಿಟ್ಟು ಓಡಿಬಂದು ಕುರ್ಚಿಯ ಕಾಲು ಹಿಡಿದಳು. ಅಮ್ಮ ಸಿಡುಕಿದಳು. "ದಿನಾ ಸಂಜೆ ತಿರುಗಿಸ್ತಿದ್ದೆಯಲ್ಲ, ನಿನ್ನ ಕಣ್ಣಿಗೆ ಕಾಣ್ಲಿಲ್ವಾ?"

"ಯಾವ ಸಂಜೆ?" ದರ್ಜಿ ಅಕ್ಕ ಬೆಪ್ಪಾದಳು. "ಸ್ಕೂಲ್ ಯೂನಿಫಾರಂ ಆರ್ಡರ್ ಬಂತು, ಸಂಜೆ ಆಗಲ್ಲ ಅಂತ ಮೊದಲ ವಾರಾನೇ ಅಜ್ಜಿಗೆ ಹೇಳಿದ್ದೆ. 'ನಾನು ಮನೇಲಿ ಹೇಳ್ತೀನಿ, ನನ್ನ ಮಗಳು ಬೇಗ ಬರ್ತಾಳೆ' ಅಂದ್ರು. ನಿಮಗೆ ಹೇಳ್ಲಿಲ್ವಾ?"

ಮೂವರೂ ಅಜ್ಜಿಯನ್ನು ನೋಡಿದರು. ಅಜ್ಜಿ ಗೋಡೆ ನೋಡಿದಳು. ಅವಳ ಬಲಗೈಯ ಉಗುರಿನ ಸಂದಿಯಲ್ಲಿ ಬಳಪದ ಬಿಳಿ ಪುಡಿ ಇತ್ತು. ಮೂವತ್ತು ವರ್ಷ ಯಾರೊಬ್ಬರಿಗೂ ಸುಳ್ಳು ಹಾಜರಿ ಹಾಕದವಳು, ಬಾರದವಳ ಹೆಸರಿನಲ್ಲಿ ದಿನಕ್ಕೆ ಎರಡರಂತೆ ಹಾಕಿ, ಮಧ್ಯಾಹ್ನ ಬೆಲ್ಲು ಮಲಗಿಸಿಹೋದ ಎಡ ಮಗ್ಗುಲಲ್ಲೇ ಕತ್ತಲಾಗುವವರೆಗೆ ಬಿದ್ದಿದ್ದಳು.

"ಹುಣ್ಣಿನ ಬಾಯಿ ಮೇಲೆ ಚಿಕ್ಕದು, ಒಳಗೆ ಮುಷ್ಟಿ ಹಿಡಿಸುತ್ತೆ. ಎಲುಬಿಗೆ ಇಳಿದಿದೆ, ರಕ್ತಕ್ಕೂ ನಂಜು ಸೇರಿದೆ" ಎಂದರು ಡಾಕ್ಟರು.

ಆವತ್ತಿಗೆ ಬೆಲ್ಲುವಿನ ಸೇವೆ ಮೂವತ್ತೆರಡು ಗಂಟೆ. ಅರ್ಜಿಗೆ ಕೊನೆಯ ದಿನ ಬರುವ ಶನಿವಾರ. ವಾರ್ಡಿನಲ್ಲಿ ಅವಳು ಅಜ್ಜಿಯ ಕಾಲ ಬಳಿ ಕೂತು, "ನಾನಿನ್ನು ಅಲ್ಲಿಗೆ ಹೋಗಲ್ಲ" ಎಂದಳು.

"ಎಷ್ಟಾಯ್ತು?"

"ಎಷ್ಟಾದ್ರೇನು?"

"ಎಷ್ಟಾಯ್ತು ಹೇಳೇ, ಮೂದೇವಿ!"

"ಮೂವತ್ತೆರಡು."

"ಮೂವತ್ತೆರಡಕ್ಕೆ ಮೊಹರು ಒತ್ತುತ್ತಾರಾ?"

ಬೆಲ್ಲು ತಲೆ ಅಲ್ಲಾಡಿಸಿದಳು.

"ಹಂಗಾದ್ರೆ ನಾನು ಕೊಳೆತಿದ್ದು ಯಾವ ಸುಖಕ್ಕೆ?" ಜ್ವರದಲ್ಲಿ ಅಜ್ಜಿಯ ಕಣ್ಣು ಕೆಂಡವಾಗಿತ್ತು. "ನೀನು ಇಲ್ಲಿ ಕೂತ್ರೆ ತೂತು ಮುಚ್ಚುತ್ತಾ? ಹೋಗು. ಅರ್ಧಕ್ಕೆ ಬಿಟ್ರೆ ನಾನು ಸತ್ತಿದ್ದೂ ಗೈರುಹಾಜರಿ ಲೆಕ್ಕವೇ."

ಬೆಲ್ಲು ಅಮ್ಮನ ಕಡೆ ನೋಡಿದಳು. ಹೋಗು ಅಂದರೆ ಹೋಗುತ್ತಿದ್ದಳು, ಬೇಡ ಅಂದರೆ ಉಳಿಯುತ್ತಿದ್ದಳು. ಅಮ್ಮ ಎರಡನ್ನೂ ಅನ್ನಲಿಲ್ಲ. ಒದ್ದೆ ಬಟ್ಟೆಯನ್ನು ಹಿಂಡಿ ಅಜ್ಜಿಯ ಹಣೆಯ ಮೇಲಿಟ್ಟಳು, ತೆಗೆದು ಮತ್ತೆ ಹಿಂಡಿದಳು. ಹುಡುಗಿ ಎದ್ದು ಬಸ್ಸಿಗೆ ಹೋದಳು.

ನಾಲ್ಕು ಸಂಜೆ ಆರು ಮಂಚ ತಿರುಗಿಸಿದಳು. ಮೊದಲೆರಡು ದಿನ ವಾಪಸು ಬಂದಾಗ ಅಜ್ಜಿ, "ಎಷ್ಟಾಯ್ತು?" ಎಂದು ಕೇಳಿದಳು. ಮೂರನೆಯ ದಿನ, "ಯಾರಮ್ಮಾ ನೀನು?" ಎಂದಳು. ನಾಲ್ಕನೆಯ ದಿನ ಬೆಲ್ಲು ಮೊಹರೊತ್ತಿದ ಕಾಗದವನ್ನು ಅವಳ ಕಣ್ಣೆದುರು ಹಿಡಿದಳು. ಕಣ್ಣುಗಳು ತೆರೆದೇ ಇದ್ದವು, ನೋಡುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಅರ್ಜಿ ಹೋಯಿತು, ಸೋಮವಾರ ಅಜ್ಜಿ ಹೋದಳು.

ಸಂದರ್ಶನ ನಡೆದದ್ದು ಒಂದೂವರೆ ತಿಂಗಳ ನಂತರ. ಉದ್ದ ಮೇಜಿನ ಆಚೆ ಮೂವರಿದ್ದರು. ನಡುವೆ ಕೂತಾಕೆ ಪ್ರಮಾಣಪತ್ರ ನೋಡಿ ಹುಬ್ಬೇರಿಸಿದರು. "ನಲವತ್ತು ಗಂಟೆ! ಈ ವಯಸ್ಸಲ್ಲಿ ಮುದುಕರ ಸೇವೆ ಮಾಡೋ ಮನಸ್ಸು ಯಾರಿಗಿರುತ್ತೆ? ನಿಮ್ಮ ಮನೇಲಿ ಹಿರಿಯರು ಯಾರಾದ್ರೂ ಇದ್ದಾರಾ?"

"ಇದ್ದರು" ಎಂದಳು ಬೆಲ್ಲು.

"ಏನಾಯ್ತು ಅವರಿಗೆ?" ಎಂಬ ಮುಂದಿನ ಪ್ರಶ್ನೆಗೆ ಅವಳು ಮೂರು ದಿನದಿಂದ ಉತ್ತರ ಕೂಡಿಸಿಟ್ಟುಕೊಂಡಿದ್ದಳು. ಎಲ್ಲವನ್ನೂ, ಪೌಡರನ್ನೂ, ವಾಸನೆಯನ್ನೂ. ಕೇಳಿದರೆ ಹೇಳಿಬಿಡುವುದು, ಅದರಿಂದ ವೇತನ ತಪ್ಪಿದರೆ ತಪ್ಪಲಿ ಎಂದು ಗಟ್ಟಿ ಮಾಡಿಕೊಂಡು ಬಂದಿದ್ದಳು.

"ವೆರಿ ಗುಡ್. ಸಂಸ್ಕಾರ ಅಲ್ಲಿಂದಲೇ ಬಂದಿದೆ" ಎಂದ ಆಕೆ ಹಾಳೆ ಮಗುಚಿ, ಗಣಿತದ ಅಂಕ ಕೇಳಿದರು.

ಆಯ್ಕೆಯ ಪತ್ರ ಅಂಚೆಯಲ್ಲಿ ಬಂತು; ಹಿಂದಿನ ದಿನ ಕೆಳಮನೆಗೆ ಕೊಟ್ಟುಹೋದದ್ದು ಬೆಳಿಗ್ಗೆ ಕೈಸೇರಿತು. ಅಮ್ಮ ಬಾಗಿಲಲ್ಲೇ ನಿಂತು ಎರಡು ಸಲ ಓದಿದಳು. "ಒಳ್ಳೇದಾಯ್ತು" ಎಂದಳು. ಅವಳು ಅತ್ತಿದ್ದರೆ ಬೆಲ್ಲುವೂ ಅಳುತ್ತಿದ್ದಳೇನೋ. ಕಾರ್ಖಾನೆಯ ಹೊತ್ತಾಗಿತ್ತು. ಅಮ್ಮ ಪತ್ರವನ್ನು ಮಗಳ ಕೈಗಿಟ್ಟು, ಅವಳ ಮುಖ ನೋಡದೆ ಚಪ್ಪಲಿ ಮೆಟ್ಟಿ ಇಳಿದುಹೋದಳು.