ಗಣಿ ತೋರಿಸೋ ಪಾಸು

ಕಾಲೇಜು ಬಿಟ್ಟು ಸುಮ್ನೆ ಅಲೀತಿದ್ದ ಕಾಲ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಎದುರಿಗೆ ಹೊಸದಾಗಿ ಮದುವೆಯಾದ ಜೋಡಿ. ಪಕ್ಕದಲ್ಲಿ ಕೋಟು ತೊಟ್ಟವನೊಬ್ಬ ಚಿನ್ನದ ಗಣಿ ನೋಡೋ ಪಾಸು ಮಾರ್ತಿದ್ದ.

"ತೊಟ್ಲಲ್ಲಿ ಕೂರಿಸಿ ಪಾತಾಳಕ್ಕೆ ಇಳಿಸ್ತಾರಣ್ಣ. ಗೋಡೆ ತುಂಬಾ ಚಿನ್ನ! ಇವತ್ತೇ ಕಡೇ ದಿನ, ಎರಡೇ ಪಾಸು ಉಳಿದಿರೋದು."

ಹೆಂಡ್ತೀನ ಖುಷಿಪಡಿಸ್ಬೇಕು ಅಂತ ಗಂಡ, ಅವಳ ಬಳೆಗೆ ಇಟ್ಕೊಂಡಿದ್ದ ದುಡ್ಡನ್ನೆಲ್ಲ ಕೊಟ್ಟೇಬಿಟ್ಟ.

ಅಲ್ಲೀವರ್ಗೂ ತಲೆ ತಗ್ಗಿಸಿ ಕೂತಿದ್ದ ಹುಡುಗಿ ಕೇಳಿದ್ಲು, "ನನ್ನೂ ಇಳಿಸ್ತಾರಾ?"

"ನಿಮ್ಮನ್ನೇ ಮೊದ್ಲು, ತಾಯಿ!"

ಅವಳು ಕಿಸಕ್ಕನೆ ನಕ್ಕಳು. "ನಮ್ಮಪ್ಪ ಚಾಂಪಿಯನ್ ರೀಫ್ಸ್ ಗಣೀಲೇ ಕೆಲ್ಸ ಮಾಡೋದು. ಎಂಗಸ್ರನ್ನ ಒಳೀಕೆ ಬಿಡಾಕಿಲ್ಲ ಕಣಣ್ಣ. ನಮ್ಮನ್ನ ಕರ್ಕೊಂಡೋಗಾಕೆ ಅವ್ನೇ ಟೇಸನ್‌ಗೆ ಬತ್ತಾನೆ. ಇರು, ನಿನ್ ಪಾಸು ಅವ್ನಿಗೆ ತೋರ್ಸಾನ!"

ಕೋಟಿನವನ ಮುಖ ಇಳೀತು, ದುಡ್ಡು ವಾಪಸ್ ಬಂತು. "ಅಪ್ಪಂಗೆ ಏಳ್ಬೇಡ ತಾಯಿ" ಅಂತ ಅಂಗಲಾಚಿದ.

"ಅಂಗಾದ್ರೆ ಎಲ್ರಿಗೂ ವಡೆ ಕೊಡ್ಸು!"

ಮುಂದಿನ ಸ್ಟೇಷನ್ನಲ್ಲಿ ಕೊಡಿಸಿದ. ಬೋಗಿಗೆ ಬೋಗಿಯೇ ನಕ್ಕೊಂಡು ತಿಂತು.

ಗಂಡ ನಾಚ್ಕೊಂಡು ನನ್ನ ಕಡೆ ತಿರುಗಿದ. "ನೀವು ಓದಿದೋರು ಸ್ವಾಮಿ, ಮೋಸ ಅಂತ ಮೊದ್ಲೇ ಗೊತ್ತಾಗೋಯ್ತು. ಅದ್ಕೇ ತಗೊಳ್ನಿಲ್ಲ."

ನಾನು ಗಂಭೀರವಾಗಿ ತಲೆ ಆಡಿಸ್ದೆ. ಜೇಬಲ್ಲಿ ಕಾಸಿದ್ದಿದ್ರೆ ಮೊದಲ್ನೇ ಪಾಸು ನಂದೇ ಆಗಿರ್ತಿತ್ತು.