ಮೈಗಳ್ಳ ಗಡಿಗಿಯ ಪುಡಿಂಗ್

ಇಳಕಲ್ಲಿನಲ್ಲಿ ಬಸ್ಸಿಳಿದು ಬಂದು, ಟ್ರಂಕನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಬಾಡಿಗೆ ಮನೆಯ ಒಡತಿ ಗಂಗವ್ವ ಬಾಗಿಲಿಗೆ ಅಡ್ಡ ನಿಂತು ಕೇಳಿದ ಮೊದಲ ಮಾತು: "ತತ್ತಿ ತಿಂತೀರೇನ್ರಿ?"

ಮೊಟ್ಟೆಗೆ ಇಲ್ಲಿ ತತ್ತಿ ಎನ್ನುತ್ತಾರೆ. ನನ್ನ ಗಂಡ ಗ್ರೆಗರಿ ನನ್ನ ಮುಖ ನೋಡಿದರು. ಮಂಗಳೂರಿನ ನಮ್ಮ ಕೇರಿಯಲ್ಲಿ ಮೀನು ತಿನ್ನದವರೇ ಅಪರೂಪ. ಇಂಥ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ತಿನ್ನುತ್ತೇವೆ. ಆದರೆ ನಿಮ್ಮ ಮನೆಯೊಳಗೆ ತರುವುದಿಲ್ಲ," ಎಂದೆ.

"ಮಾತು ಕೊಟ್ಟಂಗಾತು. ಬರ್ರಿ ಒಳಗ, ನೀರು ಕುಡೀರಿ."

ಎಂಬತ್ತರ ದಶಕದ ಆರಂಭ ಅದು, ಈಗ್ಗೆ ಆರೇಳು ವರ್ಷದ ಹಿಂದೆ. ಕಲ್ಲು ಕೊಯ್ಯುವ ಯಂತ್ರಗಳ ರಿಪೇರಿ ಕೆಲಸ ಸಿಕ್ಕಿ ಗ್ರೆಗರಿ ಇಲ್ಲಿಗೆ ಬಂದಿದ್ದರು. ಅವರ ಹಿಂದೆ ನಾನು ಮತ್ತು ಐದು ವರ್ಷದ ಮಗಳು ರೀಟಾ. ನಮ್ಮಲ್ಲಿ ಹೆಂಚಿನ ಮಾಡು. ಇಲ್ಲಿ ಮಣ್ಣಿನ ಮಾಳಿಗೆ, ಸೆಕೆಗೆ ಊರೆಲ್ಲ ಅದರ ಮೇಲೆ ಮಲಗುತ್ತದೆ. ನಮ್ಮಲ್ಲಿ ತೆಂಗಿನಕಾಯಿ ಅಂಗಳದಲ್ಲಿ ಬೀಳುತ್ತದೆ. ಇಲ್ಲಿ ಒಂದು ಕಾಯಿ ತಂದರೆ ಮೂರು ದಿನ ಜೋಪಾನ. ಸಮುದ್ರದ ಸದ್ದಿನ ಜಾಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಲಟಕ್ ಪಟಕ್. ಚರ್ಚಿನ ಬಲಿಪೂಜೆಗೆ ಗದಗಿನವರೆಗೆ ಬಸ್ಸು. ನಾನು ಬಾಯಿ ಬಿಟ್ಟರೆ ಓಣಿಯ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. "ಲಿಲ್ಲವ್ವ ಮಾತಾಡಿದ್ರ ಸಾಲ್ಯಾಗ ಪಾಠ ಓದಿದಂಗ ಕೇಳತೈತಿ!" ಲಿಲ್ಲಿ ಎಂಬ ನನ್ನ ಹೆಸರಿಗೆ ಅವ್ವ ಸೇರಿಸಿದ್ದೂ ಅವರೇ. ನಗಲಿ, ನನ್ನೊಡನೆ ಮಾತಾಡುವವರು ಇದ್ದಾರಲ್ಲ ಎಂದು ದೇವರಿಗೆ ವಂದಿಸುತ್ತಿದ್ದೆ.

ಆ ಡಿಸೆಂಬರಿನಲ್ಲಿ, ಬಹರೇನಿನಲ್ಲಿ ನರ್ಸ್ ಆಗಿರುವ ನನ್ನ ತಂಗಿ ರಜೆಗೆ ಬಂದವಳು ಕರೆಂಟಿನಲ್ಲಿ ನಡೆಯುವ ಒಂದು ಸ್ಲೋ ಕುಕ್ಕರ್ ತಂದುಕೊಟ್ಟಳು. ಹೊರಗೆ ತಗಡು, ಒಳಗೆ ಪಿಂಗಾಣಿ ಗಡಿಗೆ, ಮೇಲೆ ಗಾಜಿನ ಮುಚ್ಚಳ, ಮುಂದೆ ಒಂದು ಕೆಂಪು ದೀಪ. ಸೀಟಿಯಿಲ್ಲ, ಹೊಗೆಯಿಲ್ಲ. ಬೇಳೆ ಬೇಯಲಿಕ್ಕೆ ಅರ್ಧ ದಿನ. ಗಂಗವ್ವ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇಂಥಾ ಮೈಗಳ್ಳ ಗಡಿಗಿ ನಾ ಎಲ್ಲೂ ಕಂಡಿಲ್ಲವಾ," ಎಂದರು.

ಕ್ರಿಸ್ಮಸ್‌ಗೆ ಊರಿಗೆ ಹೋಗಲು ಗ್ರೆಗರಿಗೆ ರಜೆ ಸಿಗಲಿಲ್ಲ. ರೀಟಾ ಕೇಳಿದಳು, "ಮಮ್ಮಿ, ಇಲ್ಲಿಗೆ ಕ್ರಿಸ್ಮಸ್ ಬರುವುದಿಲ್ಲವಾ?" ಮಂಗಳೂರಿನ ನಮ್ಮ ಮನೆಯಲ್ಲಿ ಹಬ್ಬವೆಂದರೆ ಅಮ್ಮ ಹಬೆಯಲ್ಲಿ ಬೇಯಿಸುವ ಖರ್ಜೂರದ ಪುಡಿಂಗ್. ಅದಕ್ಕೆ ಮೊಟ್ಟೆ ಬೇಕು. ಸ್ಲೋ ಕುಕ್ಕರಿನ ಮುಚ್ಚಳ ಹಾಕಿದರೆ ವಾಸನೆ ಹೊರಗೆ ಹೋಗುವುದಿಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ನನ್ನ ಮನಸ್ಸು ಹೇಳಿತು. ಗ್ರೆಗರಿ ಬುತ್ತಿ ಡಬ್ಬಿಯಲ್ಲಿ ಕರವಸ್ತ್ರ ಸುತ್ತಿ ಎರಡು ಮೊಟ್ಟೆ ತಂದರು. ಶಿಲುಬೆಯ ಗುರುತು ಹಾಕಿಕೊಂಡು ಒಡೆದೆ. ಕೊಟ್ಟ ಮಾತು ಮುರಿಯಲಿಕ್ಕೂ ಶಿಲುಬೆಯ ಗುರುತು! ಚಿಪ್ಪುಗಳು ಮರುದಿನ ಅದೇ ಡಬ್ಬಿಯಲ್ಲಿ ಹೊರಗೆ ಹೋದವು.

ಹಿಟ್ಟು ತುಂಬಿದ ಡಬ್ಬದ ಬಾಯಿಗೆ ಬಟ್ಟೆ ಕಟ್ಟಿ, ಗಡಿಗೆಯಲ್ಲಿ ಎರಡು ಲೋಟ ಬಿಸಿನೀರು ಹಾಕಿ ಅದರೊಳಗೆ ಇಟ್ಟೆ. ಕರೆಂಟು ಕುಗ್ಗಿ ಬಲ್ಬು ಮಿಣುಕುವ ಊರು. ಬೆಳಿಗ್ಗೆ ಇಟ್ಟದ್ದು ಸಂಜೆಗೆ ಬೆಂದಿತು. ಅಮ್ಮನ ಪುಡಿಂಗಿನಂತೆಯೇ ಉಬ್ಬಿತ್ತು. ರೀಟಾ ಕುಣಿದಳು.

ಹಬ್ಬದ ಬೆಳಿಗ್ಗೆ ಗಂಗವ್ವ ಬಂದರು. ಲಿಂಗಪೂಜೆ ಮುಗಿಸಿದ ಹಣೆಯ ತುಂಬ ವಿಭೂತಿ. ತಟ್ಟೆಯ ಕಡೆ ನೋಡಿ, ಬಲಗೈ ಕೆಳಗೆ ಎಡಗೈ ಹಿಡಿದು ಮುಂದೆ ಚಾಚಿದರು.

"ನಿಮ್ಮ ದೇವರ ಪ್ರಸಾದ ಏನವಾ? ನನಗೂ ಒಂದು ತುಣುಕು ಕೊಡು."

ತುಂಡು ನನ್ನ ಕೈಯಲ್ಲೇ ನಿಂತಿತು. ಕೊಟ್ಟುಬಿಟ್ಟರೆ ಅವರಿಗೆ ಎಂದೂ ತಿಳಿಯುತ್ತಿರಲಿಲ್ಲ. ಹೇಳಿದರೆ ಹಬ್ಬದ ದಿನವೇ ಬೀದಿಗೆ ಬೀಳಬೇಕಾದೀತು.

"ಗಂಗವ್ವ, ತಿನ್ನಬೇಡಿ. ಇದರಲ್ಲಿ ತತ್ತಿ ಇದೆ."

ಅವರು ಖಾಲಿ ಕೈಯನ್ನೇ ಸೆರಗಿಗೆ ಒರೆಸಿಕೊಂಡು ಹೊರಟುಹೋದರು. ಮೂರು ದಿನ ಮಾತಿಲ್ಲ. ನಾನು ನೆಲ, ಒಲೆಕಟ್ಟೆ, ಪಾತ್ರೆ ಎಲ್ಲ ತೊಳೆದೆ, ಜಪಮಾಲೆ ಹಿಡಿದು ಕೂತೆ. ಗ್ರೆಗರಿ ಹುನಗುಂದದ ಕಡೆ ಬೇರೆ ಮನೆ ವಿಚಾರಿಸತೊಡಗಿದರು.

ನಾಲ್ಕನೆಯ ಬೆಳಿಗ್ಗೆ ಬಾಗಿಲಲ್ಲಿ ಗಂಗವ್ವ, ಕೈಯಲ್ಲಿ ಒಂದು ಬಟ್ಟಲು.

"ಎಲ್ಲಾ ತೊಳದಿಯೇನ?"

"ತೊಳೆದೆ."

"ಆ ಮೈಗಳ್ಳ ಗಡಿಗಿ?"

"ಅದನ್ನೂ. ಬಿಸಿನೀರಿನಲ್ಲಿ ಮೂರು ಸಲ."

"ನನಗ ಸಿಟ್ಟು ಇನ್ನೂ ಐತಿ. ಮಾತು ಕೊಟ್ಟು ಕದ್ದು ಮಾಡಿದಿ. ಆದ್ರ ನನ್ನ ಬಾಯಾಗ ಹೋಗೂ ಮುಂಚೆ ಹೇಳಿದಿ. ಹೇಳದಿದ್ರ ನನಗ ಗೊತ್ತಾಗ್ತಿತ್ತೇನು?"

"ಇಲ್ಲ."

"ಅದಕ್ಕ ಬಂದೇನಿ." ಬಟ್ಟಲನ್ನು ಮುಂದಿಟ್ಟರು. ಚಮಚ ನೆಟ್ಟಗೆ ನಿಲ್ಲುವಂಥ ಎಮ್ಮೆ ಮೊಸರು. "ತತ್ತಿ ಇಲ್ದ ಉಬ್ಬೂದಿಲ್ಲಂತ ಯಾರು ಹೇಳ್ಯಾರ? ಇದಕ್ಕ ಚಿಟಿಕಿ ಸೋಡಾ ಹಾಕಿ ಮಾಡು. ನಾ ಇಲ್ಲೇ ಕುಂಡ್ರತೇನಿ."

ಕುಳಿತೇಬಿಟ್ಟರು. ಗೋಧಿ ಹಿಟ್ಟು, ಬೆಲ್ಲ, ಉಳಿದ ಖರ್ಜೂರ, ಅವರ ಮೊಸರು. ಕೆಂಪು ದೀಪ ಹತ್ತಿದ ಮೇಲೆ ಅವರ ಕೈ ಸುಮ್ಮನಿರಲಿಲ್ಲ. ಮುಚ್ಚಳ ತೆಗೆದರೆ ಶಾಖ ಹೋಗಿ ಮತ್ತೆ ಒಂದು ತಾಸು ಹೆಚ್ಚು ಕಾಯಬೇಕು ಎಂದು ಎರಡು ಸಲ ತಡೆದೆ.

"ಹೆರಿಗಿ ಕೋಣಿ ಮುಂದ ಕುಂತಂಗಾತಲ್ಲ ಯವ್ವಾ! ಇಷ್ಟೊತ್ತಿಗೆ ನಾ ಗೋಧಿ ಹುಗ್ಗಿ ಮಾಡಿ, ಉಂಡು, ಒಂದು ನಿದ್ದಿ ತಗೀತಿದ್ನಿ."

ಸಂಜೆ ಬಟ್ಟೆ ಬಿಚ್ಚಿದರೆ ಪುಡಿಂಗ್ ಉಬ್ಬಿತ್ತು; ನಡುವೆ ಸ್ವಲ್ಪ ಕುಸಿದಿತ್ತು, ಅಷ್ಟೆ. ಗಂಗವ್ವ ಮತ್ತೆ ಎರಡೂ ಕೈ ಚಾಚಿದರು. ಈ ಸಲ ನನ್ನ ಕೈ ತಡೆಯಲಿಲ್ಲ. ಕಣ್ಣು ಮುಚ್ಚಿ ಅಗಿದು, "ಹುಗ್ಗಿ ಗಟ್ಟಿ ಆದಂಗೈತಿ. ಛಲೋ ಐತಿ," ಎಂದರು. ಆಮೇಲೆ ಹೋಗುತ್ತಾ, "ನಿನ್ನ ಗಂಡಗ ಹೇಳು, ಮನಿ ಹುಡುಕೂದು ಸಾಕು," ಎಂದರು.

ಆಮೇಲಿನ ಕ್ರಿಸ್ಮಸ್‌ಗಳಿಗೆಲ್ಲ ಆ ಮೊಸರಿನ ಪುಡಿಂಗೇ. ಓಣಿಗೆ ಹಂಚುವುದು ಗಂಗವ್ವ. ಆದರೂ ಹೊಸಬರು ಕೇಳಿದರೆ, "ಅಕಿ ಮಂಗಳೂರಾಕಿ," ಎಂದೇ ನನ್ನ ಪರಿಚಯ.

ಹೋದ ವರ್ಷ ರಜೆ ಸಿಕ್ಕಿ ಹಬ್ಬಕ್ಕೆ ಮಂಗಳೂರಿಗೆ ಹೋದೆವು. ಅಮ್ಮ ನಮಗಾಗಿ ಕಾದಿದ್ದು, ನಾಲ್ಕು ಮೊಟ್ಟೆ ಹಾಕಿ ಹಳೆಯ ಪುಡಿಂಗ್ ಮಾಡಿದ್ದರು. ರೀಟಾ ಒಂದು ಚೂರು ಬಾಯಿಗಿಟ್ಟು ತಟ್ಟೆ ಸರಿಸಿದಳು. ಕೊಂಕಣಿ ಬಿಟ್ಟು, "ತತ್ತಿ ವಾಸನಿ ಬರತೈತಿ," ಎಂದಳು. ಎಲ್ಲರೂ ನಕ್ಕರು. ಅಮ್ಮ ನನ್ನ ಮುಖ ನೋಡಿದರು. ನಾನು ನನ್ನ ತುಂಡನ್ನೂ ರೀಟಾಳ ತುಂಡನ್ನೂ ತಿಂದು, ತುಂಬಾ ಚೆನ್ನಾಗಿದೆ ಎಂದೆ.

ಈ ಬರಹ ಅಚ್ಚಾದರೆ ಊರಿನಲ್ಲಿ ಅಮ್ಮನ ಕೈಗೂ ಸಿಗುತ್ತದೆ. ಒಮ್ಮೆ ಗಂಗವ್ವನ ಮುಂದೆ ಹೇಳಿದಂತೆ ಈಗಲೂ ಹೇಳಿಬಿಡುತ್ತೇನೆ. ಅಮ್ಮಾ, ಆ ವಾಸನೆ ನನಗೂ ಬಂದಿತ್ತು. ಆದರೂ ಎರಡನೆಯ ತುಂಡು ತಿಂದದ್ದು ನಿಮ್ಮನ್ನು ಮೆಚ್ಚಿಸಲಿಕ್ಕೆ ಅಲ್ಲ; ಆ ವಾಸನೆಯ ಹಿಂದೆ ನಿಮ್ಮ ಕೈರುಚಿ ಇನ್ನೂ ಇತ್ತು.