ಕೇಶರಬಾಯಿಯ ಖಾನಾವಳಿ

ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಕೇಶರಬಾಯಿಯ ಖಾನಾವಳಿಯಲ್ಲಿ ಉಣ್ಣಲು ಕುಳಿತವರಿಗೆ, ಏಳುವ ಹೊತ್ತನ್ನು ತಾವೇ ಗೊತ್ತುಮಾಡುವ ಅಧಿಕಾರವಿಲ್ಲ. ಒಲೆಯ ಹೊಗೆಗೆ ಕೆಂಪಾದ ಕಣ್ಣಿನಿಂದಲೇ ಆಕೆ ಎಲ್ಲರ ತಾಟು ಕಾಯುತ್ತಾಳೆ. ಪುಂಡಿಪಲ್ಲೆ ಮುಗಿಯುವ ಮೊದಲೇ ಇನ್ನೊಂದು ಸೌಟು ಬೀಳುತ್ತದೆ. ಮಾಣಿಕನಗರದ ಕಿರಾಣಿ ಸಾವಕಾರ "ಸಾಕ್ರಿ ಬಾಯಿ" ಎಂದರೆ, "ನಿಮ್ಮ ಅಂಗಡಿ ತಕ್ಕಡಿ ಇಲ್ಲಿ ನಡ್ಯಂಗಿಲ್ರಿ, ಸುಮ್ಮ ಉಣ್ರಿ" ಎನ್ನುತ್ತಾಳೆ. ದುಬಲಗುಂಡಿಯ ಬಸ್ಸು ಹಾರ್ನ್ ಹೊಡೆದರೆ ಬಾಗಿಲಿಗೆ ಬಂದು, "ಎಣ್ಣಿ ಕುಡದು ನಿನ್ನ ಗಾಡಿ ಹೊಟ್ಟಿ ತುಂಬ್ಯಾದ, ಇವರದು ಇನ್ನಾ ತುಂಬಿಲ್ಲ, ತಡಿಯೋ!" ಎಂದು ಡ್ರೈವರನನ್ನೇ ಗದರುತ್ತಾಳೆ, ಅವನೂ ತೆಪ್ಪಗೆ ತಡೆಯುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಆಕೆಯ ಮುಖದಲ್ಲಿ ಮಾತ್ರ ನಗೆಯಿಲ್ಲ. ದಾಲ್ ಮಿಲ್ಲು ಮುಚ್ಚಿ ಕೆಲಸ ಹೋಗಿ ಮನೆಯಲ್ಲಿ ಕುಳಿತಿದ್ದ ಗಂಡ ಕಾಶಿರಾಮನಿಗೆ ಆಕೆ ಒಮ್ಮೆ ಗಿರಾಕಿಗಳ ಎದುರಿಗೇ, "ದುಡೀಲಾರದವರಿಗೆ ಎರಡನೇ ರೊಟ್ಟಿ ಯಾಕ?" ಎಂದುಬಿಟ್ಟಿದ್ದಳು. ಎಂಜಲು ಕೈಯಲ್ಲೇ ಎದ್ದು ಹೋದ ಆತ ಮರಳಿ ಬರಲಿಲ್ಲ. ಎಷ್ಟೋ ವರ್ಷದ ಮೇಲೆ, ಈ ಶ್ರಾವಣದಲ್ಲಿ, ಕಂಡಕ್ಟರ್ ತುಳಜಾರಾಮ ಸುದ್ದಿ ತಂದ: ಕಾಶಿರಾಮ ಬಸವಕಲ್ಯಾಣದಲ್ಲಿ ಹಮಾಲಿ ಮಾಡುತ್ತ, ಅಲ್ಲಿಯ ಖಾನಾವಳಿಯೊಂದರಲ್ಲಿ ದಿನಾ ಉಣ್ಣುತ್ತಾನಂತೆ. ಹೇಗಿದ್ದಾನೆ, ಯಾವಾಗ ಬರುತ್ತಾನೆ ಎಂದು ಕೇಶರಬಾಯಿ ಕೇಳಲಿಲ್ಲ. "ಎಷ್ಟು ರೊಟ್ಟಿ ಉಣ್ತಾರೋ ತಮ್ಮಾ?" ಎಂದಳು. ತುಳಜಾರಾಮ ತಲೆ ತಗ್ಗಿಸಿ ಹೇಳಿದ: "ಒಂದೇ ಒಂದು, ಅಕ್ಕಾ. ಇನ್ನೊಂದು ಹಾಕಾಕ ಬಂದ್ರ ಎದ್ದುಬಿಡ್ತಾರ."